ಊರವರು ಕಾಣದ ಆಸ್ಪತ್ರೆ

ನನ್ನ ಹೋಟೆಲಿನ ಹಿಂಬಾಗಿಲಲ್ಲಿ ನಿಂತರೆ ಹೊನ್ನಾವರದ ಸರ್ಕಾರಿ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣಿಸುತ್ತದೆ. ಮೀನು ತೊಳೆದ ನೀರು ಚೆಲ್ಲಲು ಆ ಬಾಗಿಲಿಗೆ ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಒಲೆಯ ಮೇಲಿಟ್ಟ ಸಾರು ಕುದಿ ಬರುವುದರೊಳಗೆ ನಡೆದು ಮುಟ್ಟಬಹುದು, ಅಷ್ಟು ಹತ್ತಿರ. ಆದರೂ ನನ್ನ ತಮ್ಮನ ಕುತ್ತಿಗೆಯ ಗಂಟನ್ನು ಅಲ್ಲಿಗೆ ತೋರಿಸದೆ, ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಪೂರ್ತಿ, ಒಮ್ಮೆ ಉತ್ತರಕ್ಕೆ ಕುಮಟೆ, ಒಮ್ಮೆ ದಕ್ಷಿಣಕ್ಕೆ ಭಟ್ಕಳ ಎಂದು ಅವನನ್ನು ಬಸ್ಸು ಹತ್ತಿಸಿದವಳು ನಾನು. ದಾರಿ ಗೊತ್ತಿಲ್ಲದೆ ಹಾಗೆ ಮಾಡಿದ್ದಲ್ಲ. ಚೆನ್ನಾಗಿ ಗೊತ್ತಿದ್ದೇ ಮಾಡಿದ್ದು.

ಇದನ್ನು ಬರೆದು ಯಾರ ಕ್ಷಮೆಯನ್ನೂ ಕೇಳುತ್ತಿಲ್ಲ. ಕೇಳಬೇಕಾದದ್ದು ತಮ್ಮನೊಬ್ಬನ ಹತ್ತಿರ, ಅವನು ಈಗ ಒಳಗೆ ಬಂಗಡೆಗೆ ಮಸಾಲೆ ಹಚ್ಚುತ್ತಿದ್ದಾನೆ. ಉಳಿದವರು ಓದಿ ಏನು ಬೇಕಾದರೂ ಅಂದುಕೊಳ್ಳಲಿ. ಐದನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಚಂದ ಮಾಡಿ ಬರೆಯಲು ಬರುವುದಿಲ್ಲ, ಆದ ಹಾಗೆ ಬರೆಯುತ್ತೇನೆ.

ನಮ್ಮದು ಹೆದ್ದಾರಿ ಬದಿಯ ಸಣ್ಣ ಮೀನೂಟದ ಹೋಟೆಲು. ಅಮ್ಮ ಚಹಾ ಅಂಗಡಿಯಾಗಿ ಶುರು ಮಾಡಿದ್ದು. ನಾನು ಗಂಡನ ಮನೆಯಿಂದ ಒಂದು ಚೀಲ ಹಿಡಿದುಕೊಂಡು ವಾಪಸು ಬಂದ ಮೇಲೆ ಅದಕ್ಕೆ ಊಟದ ಮೇಜುಗಳು ಬಂದವು. ವಾಪಸು ಬಂದ ಹೆಂಗಸನ್ನು ಊರು ಹೇಗೆ ನೋಡುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದೇ ಹೆಂಗಸು ಬಿಸಿ ಅನ್ನದ ಮೇಲೆ ತಾರ್ಲೆ ಮೀನಿನ ಸಾರು ಬಡಿಸತೊಡಗಿದರೆ ಅದೇ ಊರು "ಅಕ್ಕ, ಇನ್ನೊಂದು ಚೂರು ಹಾಕಿ" ಅನ್ನುತ್ತದೆ. ಆ ಅಕ್ಕ ಎಂಬ ಮಾತನ್ನು ನಾನು ಸಂಪಾದಿಸಿಕೊಂಡಿದ್ದೆ. ಅದನ್ನು ಕಳೆದುಕೊಳ್ಳುವ ಮನಸ್ಸು ನನಗಿರಲಿಲ್ಲ.

ಅಮ್ಮ ಹೋದ ಮೇಲೆ ಉಳಿದವರು ನಾವಿಬ್ಬರೇ. ಮೀನು ಆರಿಸಿ ತರುವುದು, ಹೆಚ್ಚಿ ತೊಳೆಯುವುದು, ಬಡಿಸುವುದು, ದುಡ್ಡು ತೆಗೆದುಕೊಳ್ಳಲು ಗಲ್ಲೆಯಲ್ಲಿ ಕೂರುವುದು ನಾನು. ಅಡುಗೆ ತಮ್ಮನದು. ಸಾರು ಕುದಿಯುವಾಗ ಸೌಟಿನಿಂದ ಒಂದು ತೊಟ್ಟು ಎಡ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಆತು" ಎನ್ನುತ್ತಾನೆ. ಆತು ಎಂದರೆ ಆತು, ಮತ್ತೆ ಅದಕ್ಕೆ ಉಪ್ಪಿಲ್ಲ, ಹುಳಿಯಿಲ್ಲ. ಗಿರಾಕಿಗಳು ಬರುತ್ತಿದ್ದದ್ದು ನನ್ನ ಮುಖ ನೋಡಿ ಅಲ್ಲ, ಆ ನಾಲಿಗೆಯನ್ನು ನಂಬಿ.

ಗಂಟು ಮೊದಲು ಕಂಡದ್ದು ನನಗೇ. ಟ್ರಾಲ್ ಬೋಟುಗಳು ದಡ ಸೇರಿದ ಮಳೆಗಾಲದ ದಿನ, ಗಿರಾಕಿಗಳು ಕಡಿಮೆ. ಅವನು ಅಂಗಿ ತೆಗೆದು ಒಲೆಯ ಮುಂದೆ ಬಗ್ಗಿದ್ದಾಗ, ಕಿವಿಯ ಕೆಳಗೆ ಬಟಾಣಿಯಷ್ಟು ದಪ್ಪ ಕಂಡಿತು. ಒತ್ತಿದರೆ ನೋವಿಲ್ಲ ಎಂದ. ಹಲ್ಲಿನ ಬಾವು ಇರಬೇಕು, ಹೋದೀತು ಎಂದ. ಹೋಗಲಿಲ್ಲ. ಅಡಿಕೆಯಷ್ಟಾಯಿತು, ಪಕ್ಕದಲ್ಲಿ ಮತ್ತೊಂದು ಎದ್ದಿತು.

ಆಗ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಬಂತು. ಅದನ್ನು ನಾನು ಯೋಚಿಸಿದ ರೀತಿಯನ್ನು ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಯಾವ ಡಾಕ್ಟರು ಒಳ್ಳೆಯವರು ಎಂದು ನಾನು ಯೋಚಿಸಲೇ ಇಲ್ಲ. ಯಾವ ಆಸ್ಪತ್ರೆಯ ಬೆಂಚಿನ ಮೇಲೆ ಯಾರು ಕೂತಿರುತ್ತಾರೆ ಎಂದು ಯೋಚಿಸಿದೆ. ಹೊನ್ನಾವರದ ಬೆಂಚಿನಲ್ಲಿ ನನ್ನ ಗಿರಾಕಿಗಳೇ ಕೂತಿರುತ್ತಾರೆ: ಬಿಪಿ ನೋಡಿಸುವ ಐಸ್ ಪ್ಲಾಂಟಿನ ರೈಟರು, ಮಂಡಿನೋವಿನ ಮೀನು ಮಾರುವ ಹೆಂಗಸರು, ಬ್ಯಾಂಕಿನ ಜವಾನ. ಅಡುಗೆಯವನ ಕುತ್ತಿಗೆಯಲ್ಲಿ ಗಂಟು ಎಂದು ಹತ್ತು ಗಂಟೆಗೆ ಅಲ್ಲಿ ಗೊತ್ತಾದರೆ ಊಟದ ಹೊತ್ತಿಗೆ ನನ್ನ ಮೇಜುಗಳು ಖಾಲಿ. ಕುಮಟೆಯಾದರೆ ಒಂದು ಅನುಕೂಲ ಇತ್ತು. ಅಲ್ಲೇ ಹತ್ತಿರದ ಹೊಳನಗದ್ದೆಯಲ್ಲಿ ಚಿಕ್ಕಮ್ಮನ ಮನೆ. ಬಸ್ಸಿನಲ್ಲಿ ಯಾರಾದರೂ ಸಿಕ್ಕಿ ಎಲ್ಲಿಗೆ ಎಂದರೆ, ಚಿಕ್ಕಮ್ಮನ ಮನೆಗೆ ಎಂದರಾಯಿತು. ಭಟ್ಕಳದಲ್ಲಿ ನಮ್ಮವರು ಅಂತ ಯಾರೂ ಇಲ್ಲ, ಆದ್ದರಿಂದ ಅದು ಎಲ್ಲಕ್ಕಿಂತ ಚಲೋ. ಈ ಲೆಕ್ಕಾಚಾರ ನಾನೊಬ್ಬಳೇ ಮಾಡಿದ್ದಲ್ಲ. ನಮ್ಮ ಮೂರೂ ಊರಿನವರು ಮಾಡುತ್ತಾರೆ. ಮುಚ್ಚಿಡಬೇಕಾದ ಕಾಯಿಲೆಯಾದರೆ ಕುಮಟೆಯವರು ಹೊನ್ನಾವರಕ್ಕೆ ಬರುತ್ತಾರೆ, ಹೊನ್ನಾವರದವರು ಭಟ್ಕಳಕ್ಕೆ ಹೋಗುತ್ತಾರೆ, ಒಂದೇ ರಸ್ತೆಯಲ್ಲಿ ಎದುರುಬದುರು ಬಸ್ಸುಗಳಲ್ಲಿ ಮುಖ ತಿರುಗಿಸಿಕೊಂಡು ದಾಟುತ್ತೇವೆ.

ಕುಮಟೆಯ ಡಾಕ್ಟರು ಒಂದು ವಾರದ ಗುಳಿಗೆ ಕೊಟ್ಟರು. ಗಂಟು ಚೂರು ಇಳಿದ ಹಾಗೆ ಕಂಡಿತು, ಗುಳಿಗೆ ಮುಗಿದ ಮೇಲೆ ಮತ್ತೆ ಏರಿತು. ಎರಡನೇ ಸಲ ಹೋದಾಗ, ಹಲ್ಲಿನ ಸೋಂಕಿನಿಂದಲೂ ಹೀಗೆ ಆಗುತ್ತದೆ, ಹಲ್ಲಿನವರಿಗೆ ತೋರಿಸಿ ಎಂದರು. ಹಲ್ಲಿನವರು ನೋಡಿ, ದವಡೆಯಲ್ಲಿ ಒಂದು ಹುಳುಕು ಹಲ್ಲಿದೆ ಎಂದು ಅದನ್ನು ಕಿತ್ತರು. ಅವರದೂ ತಪ್ಪಲ್ಲ, ಹುಳುಕು ಇದ್ದದ್ದು ಹೌದು. ಮೊದಲಿನ ಡಾಕ್ಟರು ಮೂರನೇ ಸಲ ಬರಲು ಹೇಳಿದ್ದರು, ಗಂಟು ಇಳಿಯದಿದ್ದರೆ ಬೇರೆ ಪರೀಕ್ಷೆ ಮಾಡಬೇಕು ಎಂದಿದ್ದರು. ಆದರೆ ಹಲ್ಲು ಕೀಳಿಸಿದ ದಿನವೇ, ಸಂತೆಯ ಜನದ ನಡುವೆ, ದವಾಖಾನೆಯ ಬಾಗಿಲಲ್ಲಿ ಚಿಕ್ಕಮ್ಮನ ನೆರೆಮನೆಯವಳು ನಮ್ಮನ್ನು ಕಂಡುಬಿಟ್ಟಳು. ನನ್ನ ಪಾಲಿಗೆ ಕುಮಟೆ ಅಲ್ಲಿಗೆ ಮುಗಿಯಿತು.

ವಾಪಸು ಬರುವ ಬಸ್ಸಿನಲ್ಲಿ ತಮ್ಮ ಕೆನ್ನೆ ಹಿಡಿದುಕೊಂಡು, "ಗಂಟು ಹೋಗ್ಲಿಲ್ಲ, ಹಲ್ಲು ಹೋತು. ಇನ್ನೊಂದು ಊರಿಗೆ ಹೋದ್ರೆ ಮೂಗು ಹೋಗೂದಾ ಅಕ್ಕ?" ಎಂದ. ನಾನು ನಕ್ಕೆ. ಅವನು ಹಾಗೆಯೇ, ನನ್ನ ಮಾತನ್ನು ಎದುರು ಆಡದೆ ತಮಾಷೆ ಮಾಡಿ ಕೇಳುವವನು. ಅಮ್ಮ ಹೋದ ಮೇಲೆ ಅವನಿಗೆ ನಾನು ಹೇಳಿದ್ದೇ ಸರಿ.

ಭಟ್ಕಳಕ್ಕೆ ಹೋದದ್ದು ದೀಪಾವಳಿ ಕಳೆದ ಮೇಲೆ. ಪೇಟೆಯ ಒಳಗಿನ ಒಂದು ದವಾಖಾನೆ. ಡಾಕ್ಟರು ವಯಸ್ಸಾದವರು. ನವಾಯತಿಯಲ್ಲಿ ಒಬ್ಬರ ಹತ್ತಿರ, ಉರ್ದುವಿನಲ್ಲಿ ಇನ್ನೊಬ್ಬರ ಹತ್ತಿರ ಮಾತಾಡಿ, ನಮ್ಮ ಹತ್ತಿರ ಕನ್ನಡಕ್ಕೆ ತಿರುಗಿದರು. ಗಂಟನ್ನು ಬಹಳ ಹೊತ್ತು ಮುಟ್ಟಿ ನೋಡಿದರು. ಸಂಜೆ ಜ್ವರ ಬರುತ್ತದೆಯೇ, ಬೆವರುತ್ತದೆಯೇ, ಊಟ ಸೇರುತ್ತದೆಯೇ ಎಂದು ಕೇಳಿದರು. ತಮ್ಮನನ್ನು ರಕ್ತ ಕೊಡಲು ಒಳಕೋಣೆಗೆ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಅಮ್ಮ, ಇದು ಟಿಬಿ ಇರಬಹುದು. ಗಂಟಿನಿಂದ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಬೇಕು. ಅದಕ್ಕೆ ನನ್ನ ಹತ್ರ ಬರೋದು ಬೇಡ. ಪರೀಕ್ಷೆ, ಔಷಧ ಎಲ್ಲ ನಿಮ್ಮ ಹೊನ್ನಾವರದಲ್ಲೇ ಆಗ್ತದೆ. ಚೀಟಿ ಬರೆದು ಕೊಡ್ತೇನೆ."

ಚೀಟಿ ಬೇಡ ಎಂದೆ. ಅಲ್ಲಿ ನಮಗೆ ಎಲ್ಲ ಪರಿಚಯದವರೇ, ನಾಳೆಯೇ ಹೋಗುತ್ತೇವೆ ಎಂದೆ. ಅವರು ನಂಬಿದರು. ಏಕೆ ನಂಬಬಾರದು? ಸ್ವಂತ ತಮ್ಮನ ವಿಷಯದಲ್ಲಿ ಅಕ್ಕ ಸುಳ್ಳು ಹೇಳುತ್ತಾಳೆ ಎಂದು ಯಾವ ಡಾಕ್ಟರು ಅಂದುಕೊಳ್ಳುತ್ತಾರೆ? ತಮ್ಮನಿಗೂ ಒಂದು ಮಾತು ಹೇಳಬೇಕು ಎಂದು ಅವರು ಏಳುವಷ್ಟರಲ್ಲಿ ಬಿದ್ದು ಕೈ ಮುರಿದುಕೊಂಡ ಮಗುವನ್ನು ಯಾರೋ ಎತ್ತಿಕೊಂಡು ಬಂದರು. ನಾನು ಆ ಗದ್ದಲದಲ್ಲಿ ತಮ್ಮನನ್ನು ಕರೆದುಕೊಂಡು ಹೊರಬಿದ್ದೆ.

ಬಸ್ಸಿನಲ್ಲಿ ಅವನು ಕೇಳಿದ. "ಡಾಕ್ಟ್ರು ಎಂತ ಹೇಳಿದ್ರು ಅಕ್ಕ?"

"ಎಂತ ಇಲ್ಲ. ರಕ್ತ ಕಮ್ಮಿ ಅಂದ್ರು. ಸೊಪ್ಪು ತಿನ್ಬೇಕಂತೆ."

"ಮೀನಿನ ಹೋಟೆಲಿನವನಿಗೆ ಸೊಪ್ಪಾ? ಒಳ್ಳೇ ಡಾಕ್ಟ್ರು ಬಿಡು."

ಇಷ್ಟೇ. ಇದೇ ನನ್ನ ಅಪರಾಧ. ಮುರ್ಡೇಶ್ವರ ದಾಟುವಾಗ ಅವನು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ, ಅವನ ಕುತ್ತಿಗೆ ನನ್ನ ಕಡೆಗೇ ಇತ್ತು. ನಾನು ರಸ್ತೆ ನೋಡುತ್ತ ಕೂತೆ.

ಆ ಕಾಯಿಲೆಯ ಹೆಸರಿಗೆ ನಾನು ಏಕೆ ಅಷ್ಟು ಹೆದರಿದೆ ಎಂದು ಹೇಳಿದರೆ ನೆಪ ಹೇಳಿದ ಹಾಗಾಗುತ್ತದೆ, ಆದರೂ ಇರಲಿ. ನಾನು ಸಣ್ಣವಳಿದ್ದಾಗ ನಮ್ಮ ಕೇರಿಯಲ್ಲಿ ಒಬ್ಬಳಿಗೆ ಕ್ಷಯ ಎಂದು ಆಗಿತ್ತು. ಅವಳ ಚಹಾಕ್ಕೆ ಒಂದು ತೆಂಗಿನ ಕರಟ ಬೇರೆ ಇಟ್ಟಿದ್ದರು, ಅದನ್ನು ಅವಳೇ ತೊಳೆದು ಬೇಲಿಗೆ ಸಿಕ್ಕಿಸಬೇಕು. ಅಮ್ಮನ ಅಂಗಡಿಯಲ್ಲಿ ಆ ಕರಟಕ್ಕೆ ಮೇಲಿಂದ ಚಹಾ ಹೊಯ್ಯುವ ಕೆಲಸ ನನ್ನದಾಗಿತ್ತು. ತಾಗದ ಹಾಗೆ ಹೊಯ್ಯಲು ನನಗೆ ಚೆನ್ನಾಗಿ ಬರುತ್ತಿತ್ತು. ಅಂದರೆ ಆ ಕಾಯಿಲೆಯವರಿಗೆ ಏನು ಮಾಡುತ್ತಾರೆ ಎಂದು ನನಗೆ ಗೊತ್ತಿದ್ದದ್ದು ಕೇಳಿ ಅಲ್ಲ, ಮಾಡಿ.

ಆದರೆ ಇನ್ನೂ ಒಂದು ಮಾತಿದೆ, ಅದು ಇದಕ್ಕಿಂತ ಕೆಟ್ಟದ್ದು. ಡಾಕ್ಟರ ಹತ್ತಿರ ನಾನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಇದು ಬೇರೆಯವರಿಗೆ ಹರಡುತ್ತದೆಯೇ ಎಂದು. ಕೇಳಲಿಲ್ಲ. ಹರಡುತ್ತದೆ ಎಂದೇ ನಂಬಿದ್ದೆ. ಹಾಗೆ ನಂಬಿಕೊಂಡು ಮರುದಿನ ಬೆಳಿಗ್ಗೆ ಅವನ ಕೈಯಲ್ಲೇ ಸಾರು ಮಾಡಿಸಿ ಊರಿಗೆ ಬಡಿಸಿದೆ. ಜನರಿಗಾಗಿ ಮುಚ್ಚಿಟ್ಟೆ ಎಂದು ಹೇಳುವ ಹಕ್ಕೂ ನನಗಿಲ್ಲ. ತಮ್ಮನನ್ನೂ ಕಾಯಲಿಲ್ಲ, ಉಣ್ಣುವವರನ್ನೂ ಕಾಯಲಿಲ್ಲ. ಬಾಗಿಲ ಮೇಲಿನ ಬೋರ್ಡನ್ನು ಮಾತ್ರ ಕಾದೆ.

ಹೇಳಿದ ಸುಳ್ಳಿಗೆ ಸರಿಯಾಗಿ ದಿನಾ ಬಸಳೆ ಬೇಯಿಸಿದೆ. ಟಾನಿಕ್ ತಂದೆ. ಮುರ್ಡೇಶ್ವರದ ಸ್ಟೇಷನ್ನಿನ ಆಚೆ ಗಂಟಿಗೆ ನಾಟಿ ಮದ್ದು ಕೊಡುವವರಿದ್ದಾರೆ ಎಂದು ಯಾರೋ ಹೇಳಿದ್ದರು, ಅಲ್ಲಿಗೂ ಕರೆದುಕೊಂಡು ಹೋದೆ. ಅವರು ಅರೆದ ಬೇರನ್ನು ಕುತ್ತಿಗೆಗೆ ಹಚ್ಚಿ, ಮದ್ದು ಇರುವಷ್ಟು ದಿನ ಮೀನು ಮತ್ತು ಹುಳಿ ನಾಲಿಗೆಗೆ ಸೋಕಬಾರದು ಎಂದು ಪಥ್ಯ ಹೇಳಿದರು.

ಮೀನು ಸಾರು ಮಾಡುವವನಿಗೆ ಮೀನು ಸಾರು ನಾಲಿಗೆಗೆ ಸೋಕಬಾರದು! ನಾನು ಅದನ್ನೂ ಒಪ್ಪಿಕೊಂಡೆ. ಅವನು ಮಾಡುವುದು, ನಾನು ರುಚಿ ನೋಡುವುದು ಎಂದಾಯಿತು. ನನಗೆ ಆ ನಾಲಿಗೆ ಇಲ್ಲ. ಒಂದು ದಿನ ಉಪ್ಪು ಹೆಚ್ಚು, ಒಂದು ದಿನ ಮುರುಗಲ ಹುಳಿ ಹೆಚ್ಚು. ಅವನು ಪಕ್ಕದಲ್ಲಿ ನಿಂತು, ಅಂಗೈ ಚಾಚಿ, ಮತ್ತೆ ನೆನಪಾಗಿ ಕೈ ಹಿಂದೆ ತೆಗೆದುಕೊಳ್ಳುತ್ತಿದ್ದ. ಐಸ್ ಪ್ಲಾಂಟಿನ ರೈಟರು ಒಂದು ತುತ್ತು ಬಾಯಿಗಿಟ್ಟು ನನ್ನನ್ನು ಕರೆದು, "ಎಂತ ತಂಗಿ, ಇವತ್ತು ಸಮುದ್ರವನ್ನೇ ಹೊತ್ಕಂಡು ಬಂದು ಹೊಯ್ದಿಯಾ?" ಎಂದರು. ಎಲ್ಲರೂ ನಕ್ಕರು. ತಮ್ಮನಿಗೆ ಹುಷಾರಿಲ್ಲವಾ ಎಂದು ಯಾರೋ ಕೇಳಿದರು. ಶೀತ ಎಂದೆ. ಕಾಯಿಲೆ ಅಡಗಿಸಲು ನಾನು ಮಾಡಿದ ಮದ್ದೇ ಕಾಯಿಲೆಯ ಸುದ್ದಿಯನ್ನು ತಟ್ಟೆ ತಟ್ಟೆಗೆ ಬಡಿಸುತ್ತಿತ್ತು.

ಮದ್ದು ಹಚ್ಚುತ್ತ ಹೋದ ಹಾಗೆ ಗಂಟು ಒಡೆಯಿತು. ಕೀವು ನಿಲ್ಲಲಿಲ್ಲ. ನಾನೇ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸುತ್ತಿದ್ದೆ, ಮೇಲೆ ಟವೆಲ್ ಸುತ್ತುತ್ತಿದ್ದೆ. ಒಲೆಯ ಬಿಸಿಗೆ ಟವೆಲ್ ಸುತ್ತಿಕೊಂಡು ನಿಲ್ಲುವ ಅಡುಗೆಯವನನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ? ಅವನು ತೆಳ್ಳಗಾದ. ಸಂಜೆಯಾದರೆ ಅಕ್ಕಿ ಚೀಲದ ಮೇಲೆ ಕೂತು ನಡುಗುತ್ತಿದ್ದ. ಆಗ ನಾನು ಮಣಿಪಾಲ ಎಂದೆ. ಮುಂದಿನ ವಾರ ಹೋಗೋಣ, ದೊಡ್ಡ ಆಸ್ಪತ್ರೆ, ಎಲ್ಲ ನೋಡುತ್ತಾರೆ ಎಂದೆ. ಅವನು ಹಿಂಬಾಗಿಲ ಕಡೆ ಗದ್ದ ತೋರಿಸಿ ಹೇಳಿದ.

"ಅಷ್ಟು ದೂರ ಎಂತಕ್ಕೆ? ಇಲ್ಲೇ ಅದೆಯಲ್ಲ."

"ಅಲ್ಲಿ ಎಂತ ಅದೆ? ಬರೀ ಗೋಡೆ."

ನಮ್ಮ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕು ಎಂದು ಜನ ಮೆರವಣಿಗೆ ತೆಗೆದಾಗ ಹೋಟೆಲು ಮುಚ್ಚಿ ಹೋಗಿ ಕೂಗಿದವಳು ನಾನು. ಅಪಘಾತವಾದರೆ, ಎದೆ ಹಿಡಿದುಕೊಂಡರೆ, ಮಣಿಪಾಲಕ್ಕೋ ಮಂಗಳೂರಿಗೋ ಗೋವೆಗೋ ಒಯ್ಯುವ ದಾರಿಯಲ್ಲೇ ನಮ್ಮವರು ಸಾಯುತ್ತಾರೆ. ಆ ಸಿಟ್ಟು ನಿಜ, ಈಗಲೂ ಇದೆ, ನಾಳೆ ಮೆರವಣಿಗೆ ಹೊರಟರೆ ಮತ್ತೆ ಕೂಗುತ್ತೇನೆ. ಆದರೆ ಆ ದಿನ ಅದೇ ಸಿಟ್ಟಿನ ಮಾತನ್ನು ನನ್ನ ಹೇಡಿತನಕ್ಕೆ ಹೊದಿಕೆ ಮಾಡಿಕೊಂಡೆ. ಇಲ್ಲದ ಆಸ್ಪತ್ರೆಗಾಗಿ ಬೀದಿಯಲ್ಲಿ ಕೂಗಿದವಳು, ಇದ್ದ ಆಸ್ಪತ್ರೆಗೆ ತಮ್ಮನನ್ನು ಕರೆದುಕೊಂಡು ಹೋಗಲಿಲ್ಲ.

ಮಣಿಪಾಲಕ್ಕೆ ಹೋಗುವ ಮೊದಲೇ ಭಟ್ಕಳ ನನ್ನ ಮೇಜಿಗೆ ಬಂತು.

ಮಧ್ಯಾಹ್ನದ ಊಟದ ಹೊತ್ತು. ಒಂದು ಕಾರು ನಿಂತಿತು. ಇಳಿದವರು ಆ ಡಾಕ್ಟರು, ಅವರ ಹೆಂಡತಿ, ದೂರದಿಂದ ಬಂದ ನೆಂಟರು. ನೆಂಟರಿಗೆ ಕುಮಟೆಯ ಆಚೆಯ ಓಂ ಬೀಚ್ ತೋರಿಸಿ ವಾಪಸು ಹೋಗುತ್ತಿದ್ದರು. ಯಾರೂ ಕಾಣದಿರಲಿ ಎಂದು ನಾನು ಹುಡುಕಿಕೊಂಡು ಹೋದ ಊರು, ಹಸಿವಾಗಿ ನನ್ನ ಬಾಗಿಲಿಗೇ ಬಂದಿತ್ತು. ಒಂದೇ ರಸ್ತೆ ಎಂಬುದನ್ನು ನಾನು ಮರೆತಿದ್ದೆ. ಸೆರಗು ಎಳೆದುಕೊಂಡು ಗಲ್ಲೆಯ ಹಿಂದೆ ಬಗ್ಗಿದೆ. ಅವರು ಬಂಗಡೆ ಫ್ರೈ ಕೇಳಿದರು, ನಾನು ಮುಖ ತಗ್ಗಿಸಿಕೊಂಡೇ ಬಡಿಸಿದೆ, ಅವರು ಊಟ ಮಾಡಿದರು. ಕೈ ತೊಳೆಯಲು ಎದ್ದಾಗ ನನ್ನ ಗುರುತು ಹಿಡಿದರು.

"ನೀವು ದವಾಖಾನೆಗೆ ಬಂದಿದ್ರಲ್ಲ ಅಮ್ಮ. ತಮ್ಮ ಹೇಗಿದ್ದಾರೆ ಈಗ? ಔಷಧ ಶುರು ಆಯ್ತಲ್ಲ?" ಎಂದು ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದರು.

ತಟ್ಟೆ ಕೊಡುವ ಕಿಟಕಿಯ ಆಚೆ ತಮ್ಮ ನಿಂತಿದ್ದ. ಅವನಿಗೆ ಕೇಳಿಸಿತು. "ಯಾವ ಔಷಧ ಡಾಕ್ಟ್ರೇ?" ಎಂದ.

ಡಾಕ್ಟರು ಅವನ ಟವೆಲ್ ನೋಡಿದರು. ನನ್ನನ್ನು ನೋಡಿದರು. ಬೈಯಲಿಲ್ಲ. ಒದ್ದೆ ಕೈಯನ್ನು ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತ ಅಡುಗೆಕೋಣೆ ದಾಟಿ ಹಿಂಬಾಗಿಲಿಗೆ ಹೋದರು, ತಮ್ಮ ಅವರ ಹಿಂದೆ ಹೋದ. ಇಬ್ಬರೂ ಆ ಟ್ಯಾಂಕಿನ ಕಡೆ ಮುಖ ಮಾಡಿ ನಿಂತು ಮಾತಾಡಿದರು. ನಾನು ಅವರ ನೆಂಟರಿಗೆ ಅನ್ನ ಬೇಕಾ ಎಂದು ಕೇಳುತ್ತಿದ್ದೆ. ಊಟ ಮುಗಿದಿದೆ ಎಂದು ಅವರು ಹೇಳಿದ ಮೇಲೂ ಮತ್ತೊಮ್ಮೆ ಕೇಳಿದೆ.

ಕಾರು ಹೋದ ಮೇಲೆ ತಮ್ಮ ಒಲೆಯ ಮುಂದೆ ಬಂದು ನಿಂತ.

"ರಕ್ತ ಕಮ್ಮಿ ಅಂದಿದ್ದೆ ಅಲ್ದಾ?"

ಅಷ್ಟು ಹೇಳಿ ಬಾಣಲೆಯಲ್ಲಿದ್ದ ಮೀನು ಮಗುಚಿದ. ಸಂಜೆಯವರೆಗೆ ಒಂದು ತಮಾಷೆಯೂ ಇಲ್ಲ. ಕೂಗಾಡಿದ್ದರೆ ನಾನೂ ಎದುರು ಕೂಗುತ್ತಿದ್ದೆ, ನಿನ್ನ ಹೊಟ್ಟೆಗಾಗಿಯೇ ಈ ಹೋಟೆಲು ಎನ್ನುತ್ತಿದ್ದೆ. ಅವನು ಆ ಅವಕಾಶ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಒಲೆ ಹೊತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಾಲರಿನ ಗುಂಡಿ ಬಿಚ್ಚಿ, ಟವೆಲ್ ಗೂಟಕ್ಕೆ ಹಾಕಿ ಅವನು ಹೊರಟಿದ್ದ. ಹಿಂದಿನ ಓಣಿಯಲ್ಲಿ ಹೋಗಬಹುದಿತ್ತು, ಅದೇ ಹತ್ತಿರ. ಹೋಗಲಿಲ್ಲ. ಎದುರು ಬಾಗಿಲಿನಿಂದ ಇಳಿದು, ಮೀನು ಮಾರುಕಟ್ಟೆಯ ಮುಂದಿನಿಂದ, ಬಸ್ ಸ್ಟ್ಯಾಂಡಿನ ಮುಂದಿನಿಂದ, ಗಂಟು ಒಡೆದ ಕುತ್ತಿಗೆಯನ್ನು ಬಿಸಿಲಿಗೆ ತೋರಿಸುತ್ತ ನಡೆದ. ಗುರುತಿನವರು ಸಿಕ್ಕರೆ ನಿಂತು ಮಾತಾಡಿದ. ನಾನು ಹಿಂದೆ ಹಿಂದೆ ನಡೆದೆ. ನನ್ನ ತಮ್ಮ ಎದುರಾಡುವುದನ್ನು ಅಂದು ಮೊದಲ ಸಲ ನೋಡಿದೆ. ನನ್ನ ಹತ್ತಿರ ಒಂದು ಮಾತೂ ಆಡದೆ ಅವನು ನನ್ನ ಇಡೀ ಮಳೆಗಾಲಕ್ಕೆ, ಇಡೀ ಚಳಿಗಾಲಕ್ಕೆ ಉತ್ತರ ಕೊಟ್ಟಿದ್ದ.

ಆಸ್ಪತ್ರೆಯ ಬೆಂಚಿನಲ್ಲಿ ನಾನು ಹೆದರಿದ್ದವರೆಲ್ಲ ಕೂತಿದ್ದರು. ನನಗೆ ದಿನಾ ತಾರ್ಲೆ ಮಾರುವ ಹೆಂಗಸು, ಬುಟ್ಟಿ ಕಾಲಿನ ಹತ್ತಿರ ಇಟ್ಟುಕೊಂಡು. ಅವಳ ಆಚೆ ರೈಟರು. ತಮ್ಮ ಚೀಟಿ ಮಾಡಿಸಿಕೊಂಡು ಬಂದು, ನನ್ನ ಮುಖ ನೋಡದೆ ಹೇಳಿದ.

"ನೀನು ಹೋಗಿ ಅಂಗಡಿ ತೆಗಿ ಅಕ್ಕ. ಇಲ್ಲಿ ಜನ ನೋಡ್ತ್ರು."

ಅಷ್ಟು ವರ್ಷದಲ್ಲಿ ಯಾರು ಆಡಿದ ಮಾತೂ ನನಗೆ ಹಾಗೆ ತಾಗಿರಲಿಲ್ಲ. ಗಂಡನ ಮನೆಯಲ್ಲಿ ಆಡಿದ್ದೂ ಇಲ್ಲ. ನಾನು ಹೋಗಲಿಲ್ಲ. ಅವನ ಪಕ್ಕದಲ್ಲಿ, ಬೆಂಚಿನ ನಡುವೆ, ಎಲ್ಲರಿಗೂ ಕಾಣುವ ಹಾಗೆ ಕೂತೆ. ಮೀನಿನ ಹೆಂಗಸು ಬಗ್ಗಿ, "ಎಂತ ಆತೇ ತಮ್ಮಂಗೆ?" ಎಂದಳು.

"ಟಿಬಿ ಇರ್ಬೋದಂತೆ. ಪರೀಕ್ಷೆ ಮಾಡ್ಸೂಕೆ ಬಂದದ್ದು."

ಆ ಶಬ್ದ ನನ್ನ ಬಾಯಿಂದ ಹೊರಗೆ ಬಂದದ್ದು ಅದೇ ಮೊದಲು. ನಾನು ಹೆದರಿದಷ್ಟು ದೊಡ್ಡದಾಗಿ ಅದು ಕೇಳಿಸಲಿಲ್ಲ. ಅವಳು ಬುಟ್ಟಿಯನ್ನು ಚೂರು ಆಚೆ ಎಳೆದುಕೊಂಡಳು. ಎಳೆದುಕೊಳ್ಳಲಿ. ನಾನು ಒಂದು ಕಾಲದಲ್ಲಿ ಕರಟಕ್ಕೆ ಮೇಲಿಂದ ಚಹಾ ಹೊಯ್ದವಳು, ಅವಳಿಗೆ ಬುದ್ಧಿ ಹೇಳಲು ನನಗೆ ಬಾಯಿಲ್ಲ.

ಒಳಗೆ ಇದ್ದ ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ. ಇಷ್ಟು ದಿನ ಎಲ್ಲಿ ತೋರಿಸಿದಿರಿ ಎಂದರು. ನಾನು ಒಂದೊಂದಾಗಿ ಹೇಳಿದೆ. ನಡುವೆ ತಮ್ಮ, "ಒಂದು ಹಲ್ಲೂ ತೆಗ್ಸಿದ್ದೇವೆ ಡಾಕ್ಟ್ರೇ" ಎಂದು ಸೇರಿಸಿದ. ಅವರು ನಗು ತಡೆದುಕೊಂಡರು. ನಾನು ಅಳು ತಡೆದುಕೊಂಡೆ, ಅವನ ತಮಾಷೆ ವಾಪಸು ಬಂದಿತ್ತಲ್ಲ. ಸೂಜಿ ಹಾಕಿದರು, ಎದೆಯ ಎಕ್ಸ್-ರೇ ತೆಗೆದರು, ಕಫ ಕೊಡಲು ಹೇಳಿದರು, ನನ್ನನ್ನೂ ಪರೀಕ್ಷೆ ಮಾಡಿದರು. ವರದಿ ಬಂತು. ಟಿಬಿಯೇ, ಕುತ್ತಿಗೆಯ ಗಂಟಿನದು ಮಾತ್ರ. ಶ್ವಾಸಕೋಶ ಶುದ್ಧ ಇದೆ, ಇಂಥದ್ದು ಒಬ್ಬರಿಂದ ಒಬ್ಬರಿಗೆ ಗಾಳಿಯಲ್ಲಿ ಹರಡುವುದಿಲ್ಲ, ಗಾಯವನ್ನು ಮುಚ್ಚಿಟ್ಟರೆ ಸಾಕು, ಅಡುಗೆ ಮಾಡಲು ಅಡ್ಡಿಯಿಲ್ಲ, ಗುಳಿಗೆಯನ್ನು ಮಾತ್ರ ಒಂದು ದಿನವೂ ತಪ್ಪಿಸಬಾರದು ಎಂದರು.

ಹರಡುವುದಿಲ್ಲ. ಭಟ್ಕಳದಲ್ಲಿ ಒಂದು ಮಾತು ಕೇಳಿದ್ದರೆ ಅಂದೇ ಸಿಗುತ್ತಿದ್ದ ಉತ್ತರ. ಕೇಳದೆ ಇದ್ದದ್ದಕ್ಕೆ ಅವನ ಕುತ್ತಿಗೆಯ ಗಂಟು ಒಡೆಯಬೇಕಾಯಿತು.

ಗುಳಿಗೆ ಶುರುವಾದ ಮೇಲೆ ಮೂತ್ರ ಕೆಂಪಾಗುತ್ತದೆ, ಹೆದರಬೇಡಿ ಎಂದಿದ್ದರು. ಅವನು ಹೆದರಲಿಲ್ಲ. "ಮುರುಗಲ ಶರಬತ್ತು ತಯಾರಾಗ್ತಾ ಅದೆ, ಯಾರಿಗಾದ್ರೂ ಬೇಕಾ ಕೇಳು" ಎಂದು ಒಳಗಿನಿಂದ ಕೂಗಿದ. ನಾನು ಸುಮ್ಮನಿರು ಎಂದು ಕಣ್ಣು ಬಿಟ್ಟೆ. ಮೊದಲ ದಿನ ಗುಳಿಗೆ ನುಂಗಲು ಅವನನ್ನು ಅಡುಗೆಕೋಣೆಯ ಮೂಲೆಗೆ ಕರೆದಿದ್ದೆ, ಹಳೆಯ ಬುದ್ಧಿ ಅಷ್ಟು ಬೇಗ ಹೋಗುತ್ತದೆಯೇ? ಅವನು ಗುಳಿಗೆ, ನೀರು ಎರಡನ್ನೂ ಹಿಡಿದುಕೊಂಡು ಹೊರಗೆ ಬಂದು, ಬಾಗಿಲ ಹತ್ತಿರದ ಮೇಜಿನಲ್ಲಿ, ಚಹಾ ಕುಡಿಯುವವರ ನಡುವೆ ಕೂತು ಒಂದೊಂದಾಗಿ ನುಂಗಿದ. ದಿನಾ ಅಲ್ಲೇ. ಆ ಹೊತ್ತಿಗೆ ಆ ಕುರ್ಚಿಯನ್ನು ಯಾರಿಗೂ ಕೊಡುತ್ತಿರಲಿಲ್ಲ.

ನಾನು ಹೆದರಿದ್ದು ಸುಳ್ಳಾಯಿತು ಎಂದು ಯಾರೂ ತಿಳಿಯಬಾರದು. ಹೆದರಿದ್ದೆಲ್ಲ ಆಯಿತು. ಬ್ಯಾಂಕಿನ ಜವಾನ ಬರುವುದು ಬಿಟ್ಟ. ಮಸಾಲೆ ಅರೆಯಲು ಬರುವ ಹೆಂಗಸು ಮನೆಯಲ್ಲಿ ಗಲಾಟೆ ಎಂದು ನಿಂತಳು. ಕಟ್ಟಡದ ಯಜಮಾನರು ಬಂದು, ತಮ್ಮ ಗುಣ ಆಗುವವರೆಗೆ ಅವನನ್ನು ಎಲ್ಲಿಯಾದರೂ ಇಟ್ಟರೆ ಹೇಗೆ ಎಂದು ನಯವಾಗಿ ಕೇಳಿದರು. ಎಲ್ಲಿಡಲಿ, ಬೇಲಿಗೆ ಸಿಕ್ಕಿಸಲಾ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೆ ಮತ್ತೆ ಕೇಳಲಿಲ್ಲ. ಹೊರ ಊರಿನ ಲಾರಿಯವನೊಬ್ಬ ಯಾರದೋ ಮಾತು ಕೇಳಿ ಬಂದು, ಇಲ್ಲಿ ಕಾಯಿಲೆಯವರು ಅಡುಗೆ ಮಾಡುತ್ತಾರಂತೆ ಹೌದಾ ಎಂದ. ಹೌದು, ಅಡುಗೆಯವನಿಗೆ ಕುತ್ತಿಗೆಯ ಟಿಬಿ, ಅದು ಹರಡುವುದಿಲ್ಲ, ನಂಬಿಕೆ ಇಲ್ಲದಿದ್ದರೆ ಹಿಂದೆ ಆಸ್ಪತ್ರೆ ಇದೆ, ಕೇಳಿಕೊಂಡು ಬಂದು ಊಟ ಮಾಡಿ ಎಂದೆ. ಅವನು ಮುಂದಿನ ಹೋಟೆಲಿಗೆ ಹೋದ. ಅಲ್ಲಿ ಮೀನು ಮೊನ್ನೆಯದು ಎಂದು ಕೂಗಿ ಹೇಳಿದೆ. ಅದು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ, ಆ ಹೊತ್ತಿಗೆ ಹಾಗೆ ಹೇಳಬೇಕು ಅನ್ನಿಸಿತು.

ರೈಟರು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಅವರಿಗೇನೂ ದೊಡ್ಡ ಮನಸ್ಸು ಅಂತಲ್ಲ. ಪಥ್ಯ ಬಿಟ್ಟು ತಮ್ಮ ಮತ್ತೆ ಅಂಗೈಗೆ ಸಾರು ಬಿಟ್ಟುಕೊಳ್ಳತೊಡಗಿದ್ದ, ಅವರಿಗೆ ಅಷ್ಟೇ ಬೇಕಿತ್ತು. "ನೀನು ರುಚಿ ನೋಡಿದ ಸಾರು ಉಂಡು ಸಾಯೂದಕ್ಕಿಂತ ಇದು ಅಡ್ಡಿಲ್ಲ ತಂಗಿ" ಎಂದರು.

ಮತ್ತೆ ಆ ಮೀನಿನ ಹೆಂಗಸು. ಒಂದು ಬೆಳಿಗ್ಗೆ ಮಾರುಕಟ್ಟೆಯಲ್ಲಿ ತಾರ್ಲೆ ಎಣಿಸಿ ಹಾಕುತ್ತ, ತಲೆ ಎತ್ತದೆ, ತನ್ನ ಅಳಿಯನಿಗೂ ಅದೇ ಆಗಿತ್ತು ಎಂದಳು. ಯಾರಿಗೂ ಗೊತ್ತಾಗದ ಹಾಗೆ ಮಂಗಳೂರಿಗೆ ಕಳಿಸಿದ್ದರಂತೆ. ಅಲ್ಲಿ ದಾರಿ ಖರ್ಚು, ಕೂಲಿ ತಪ್ಪುವುದು ಎಂದು ಗುಳಿಗೆ ನಡುವೆ ಬಿಟ್ಟನಂತೆ. ಈಗ ಮತ್ತೆ ಎದ್ದಿದೆಯಂತೆ. ಎಲ್ಲಿಗೆ ಹೋಗುವುದು ಹೇಳು ಎಂದು ಕೇಳಿದಳು. ನಾನು ಮೀನಿನ ಚೀಲವನ್ನು ಅಲ್ಲೇ ಇಟ್ಟು, ನಾಳೆ ಬೆಳಿಗ್ಗೆ ಕರೆದುಕೊಂಡು ಬಾ, ಬೆಂಚಿನಲ್ಲಿ ನಾನೂ ಕೂರುತ್ತೇನೆ ಎಂದೆ. ಅವರು ಬಂದರು. ನಾನು ಕೂತೆ.

ತಮ್ಮನ ಗುಳಿಗೆ ಮುಗಿಯಿತು. ಗಂಟು ಹೋಯಿತು. ಕಿವಿಯ ಕೆಳಗಿನಿಂದ ಕೊರಳ ಎಲುಬಿನವರೆಗೆ ಹೊಲಿದ ಹಾಗೆ ಒಂದು ಕಲೆ ಉಳಿಯಿತು. ಮೊದಲೇ ಬಂದಿದ್ದರೆ ಇಷ್ಟು ಕಲೆ ಆಗುತ್ತಿರಲಿಲ್ಲ ಎಂದು ಡಾಕ್ಟರು ಅವನಿಗೆ ಹೇಳಿದ್ದರು, ಅವನು ನನಗೆ ಹೇಳಲಿಲ್ಲ, ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಅವನು ಅದನ್ನು ಮುಚ್ಚುವುದಿಲ್ಲ. ನಾನು ದಿನವಿಡೀ ತಟ್ಟೆ ತೆಗೆದುಕೊಳ್ಳಲು ಆ ಕಿಟಕಿಗೆ ಹೋಗುತ್ತೇನೆ, ದಿನವಿಡೀ ಅದನ್ನು ನೋಡುತ್ತೇನೆ. ನೋಡಬೇಕಾದದ್ದೇ.

ಕ್ಷಮಿಸಿದ್ದೇನೆ ಎಂದು ಅವನು ಹೇಳಿಲ್ಲ. ನನ್ನ ಮಾತಿನಂತೆ ನಡೆಯುವುದನ್ನು ಬಿಟ್ಟಿದ್ದಾನೆ, ಅದು ಒಳ್ಳೆಯದಾಯಿತು. ಈಗ ಗಿರಾಕಿಗಳು ಯಾರಾದರೂ ಜ್ವರ, ಕೆಮ್ಮು, ಮಂಡಿನೋವು ಎಂದು ಎಲ್ಲಿ ತೋರಿಸುವುದು ಚಲೋ ಎಂದು ಕೇಳಿದರೆ ಅವನು ಕಿಟಕಿಯಿಂದ ತಲೆ ಹೊರಹಾಕಿ, "ನಮ್ಮ ಅಕ್ಕನ್ನ ಮಾತ್ರ ಕೇಳ್ಬೇಡಿ. ಹಲ್ಲು ತೆಗೆಸ್ತಾಳೆ" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಅದರಲ್ಲಿ ತಮಾಷೆ ಎಷ್ಟು, ಉಳಿದದ್ದು ಎಷ್ಟು ಎಂದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಅವನು ಅದನ್ನು ನಿಲ್ಲಿಸಲಿ ಎಂದು ನಾನು ಕೇಳುವುದಿಲ್ಲ.

ಆದರೆ ಸುಮ್ಮನೆಯೂ ಇರುವುದಿಲ್ಲ. ಸಾರಿನ ಸೌಟು ಹಿಡಿದ ಕೈಯನ್ನೇ ಎತ್ತಿ, ಹಿಂಬಾಗಿಲ ಆಚೆ ಕಾಣುವ ಟ್ಯಾಂಕು ತೋರಿಸುತ್ತೇನೆ. ಮೊದಲು ಅಲ್ಲಿಗೆ ಹೋಗಿ, ಅಲ್ಲಿ ಆಗದಿದ್ದರೆ ಎಲ್ಲಿಗೆ ಎಂದು ಅವರೇ ಹೇಳುತ್ತಾರೆ ಎನ್ನುತ್ತೇನೆ. ಅಲ್ಲಿ ಎಲ್ಲ ನಮ್ಮ ಊರವರೇ ಇರುತ್ತಾರಲ್ಲ ಅಕ್ಕ ಎಂದು ಅವರು ಹಿಂಜರಿದರೆ, ಇರಲಿ, ನೋಡಲಿ ಎನ್ನುತ್ತೇನೆ.